ಬ್ರೇಕ್ ನಂಬದೆ ಹನ್ನೊಂದು ಕಿಲೋಮೀಟರ್

ಶಿವರಾತ್ರಿ ಆದ ಮೇಲೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಅಂತ ನಮ್ಮಮ್ಮ ಪ್ರತಿ ವರ್ಷ ಹೇಳುತ್ತಾರೆ. ನಮ್ಮ ಸಕಲೇಶಪುರದಲ್ಲಿ ಅದು ನಿಜ. ಮಾರ್ಚ್ ಹೊತ್ತಿಗೆ ಅಲ್ಲಿ ಎಲ್ಲರೂ ಕಾಫಿಗೆ ಹೂಮಳೆ ಯಾವಾಗ ಬರುತ್ತದೋ ಅಂತ ಆಕಾಶ ನೋಡುತ್ತಿರುತ್ತಾರೆ. ಅಮೆರಿಕದಲ್ಲಿ ನಾನಿರುವ ಡೆನ್ವರ್‌ನಲ್ಲಿ ಲೆಕ್ಕ ಬೇರೆ. ಇಲ್ಲಿ ಸರಾಸರಿ ನೋಡಿದರೆ ವರ್ಷದಲ್ಲಿ ಅತಿ ಜಾಸ್ತಿ ಸ್ನೋ ಬೀಳುವ ತಿಂಗಳೇ ಮಾರ್ಚ್.

2021ರಲ್ಲಿ ಶಿವರಾತ್ರಿ ಮಾರ್ಚ್ 11ಕ್ಕೆ ಬಂದಿತ್ತು. ಅದಾಗಿ ಎರಡೇ ದಿನಕ್ಕೆ, ಶನಿವಾರ ಸಂಜೆ, ದೊಡ್ಡ ಬಿರುಗಾಳಿ ಹಿಡಿದುಕೊಂಡಿತು. ಅದು ಮುಗಿಯುವಷ್ಟರಲ್ಲಿ ವಿಮಾನ ನಿಲ್ದಾಣದ ಅಳತೆಯಲ್ಲಿ 27.1 ಇಂಚು ಸ್ನೋ ಬಿದ್ದಿತ್ತು. ಅಂದರೆ ಎರಡು ಕಾಲು ಅಡಿ. 1881ರಿಂದ ಇರುವ ದಾಖಲೆಗಳಲ್ಲಿ ಈ ಊರಿಗೆ ಬಿದ್ದ ನಾಲ್ಕನೇ ದೊಡ್ಡ ಸ್ನೋ ಅದು. ಆ ಭಾನುವಾರ ಬೆಳಿಗ್ಗೆ ನಾನು ರಾತ್ರಿ ಪಾಳಿ ಮುಗಿಸಿ ಅದರ ನಡುವೆಯೇ ಕಾರು ಓಡಿಸಿಕೊಂಡು ಮನೆಗೆ ಬಂದೆ. ಹೇಗೆ ಬಂದೆ ಅಂತ ಹೊಸದಾಗಿ ಇಲ್ಲಿಗೆ ಬಂದವರು ಕೇಳುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತ ಪರೀಕ್ಷೆಗೆ ರಜೆ ಇರುವುದಿಲ್ಲ. ಎಷ್ಟೇ ಸ್ನೋ ಬೀಳಲಿ, ಐಸಿಯುದಿಂದ ಸ್ಯಾಂಪಲ್ ಬರುತ್ತಲೇ ಇರುತ್ತದೆ. ಆಸ್ಪತ್ರೆ ಪಕ್ಕದ ಅರೋರಾದಲ್ಲಿದೆ, ಮನೆ ಡೆನ್ವರ್‌ನ ಹ್ಯಾಂಪ್ಡನ್ ಅವೆನ್ಯೂ ಹತ್ತಿರ. ನಡುವೆ ಹನ್ನೊಂದು ಕಿಲೋಮೀಟರ್. ಹೆಚ್ಚು ಕಡಿಮೆ ಪೂರ್ತಿ ದಾರಿ ಹವಾನಾ ಸ್ಟ್ರೀಟ್‌ನಲ್ಲೇ. ದಿನಾ ಇಪ್ಪತ್ತು ನಿಮಿಷ ಸಾಕು.

ಮಾರ್ಚ್ ಸ್ನೋ ಬಗ್ಗೆ ಮೊದಲು ಹೇಳಲೇಬೇಕು. ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಜನವರಿಯಲ್ಲಿ ಇಲ್ಲಿ ಬೀಳುವುದು ಒಣ ಸ್ನೋ. ರಾಗಿ ಹಿಟ್ಟಿನ ಹಾಗೆ, ಊದಿದರೆ ಹಾರುತ್ತದೆ. ಪೊರಕೆಯಲ್ಲೇ ಗುಡಿಸಬಹುದು. ಮಾರ್ಚ್‌ನದು ನೀರು ಕುಡಿದ ಸ್ನೋ. ಹಿಡಿಯಲ್ಲಿ ಹಿಂಡಿದರೆ ನೆನೆಸಿದ ಅವಲಕ್ಕಿಯ ಹಾಗೆ ನೀರು ಬಿಡುತ್ತದೆ. ಇದು ಎಲ್ಲಿಂದ ಬರುತ್ತದೆ ಅಂತ ಘಟ್ಟದ ಕಡೆಯವರಿಗೆ ಹೇಳುವುದು ಸುಲಭ. ಅರಬ್ಬೀ ಸಮುದ್ರದ ಮೋಡ ಬಂದು ನಮ್ಮ ಪಶ್ಚಿಮ ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಮಳೆ ಸುರಿಸುತ್ತದಲ್ಲ, ಇಲ್ಲೂ ಅದೇ ಕತೆ. ಮೆಕ್ಸಿಕೋ ಕೊಲ್ಲಿಯ ತೇವದ ಗಾಳಿ ಪೂರ್ವದಿಂದ ಬಂದು ರಾಕಿ ಪರ್ವತದ ಬುಡಕ್ಕೆ ಬಡಿಯುತ್ತದೆ, ಮೇಲೇರುತ್ತದೆ, ತಣ್ಣಗಾಗುತ್ತದೆ. ಹೊತ್ತು ತಂದ ನೀರನ್ನೆಲ್ಲ ನಮ್ಮ ತಲೆಯ ಮೇಲೆ ಇಳಿಸುತ್ತದೆ. ಮಳೆಯ ಬದಲು ಸ್ನೋ, ಅಷ್ಟೇ.

ಇನ್ನೊಂದು ವಿಷಯ. ಚಳಿ ಜಾಸ್ತಿ ಇದ್ದಷ್ಟೂ ರಸ್ತೆ ಜಾಸ್ತಿ ಜಾರುತ್ತದೆ ಅಂತ ನಾನು ಮೊದಲು ಅಂದುಕೊಂಡಿದ್ದೆ. ಅದು ತಪ್ಪು. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಐಸ್ ಮೇಲೆ ಟಯರಿಗೆ ಒಂದಿಷ್ಟು ಹಿಡಿತ ಸಿಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಐಸ್ ಮೇಲೆ ತೆಳ್ಳಗೆ ನೀರು ನಿಂತಿರುತ್ತದೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟ ಹಾಗೆ. ಚಳಿಗಾಲದ ಕೊನೆಯ ಬಿರುಗಾಳಿಗಳು ಬರುವುದು ಬಹುತೇಕ ಇದೇ ಉಷ್ಣಾಂಶದಲ್ಲಿ.

ಶುಕ್ರವಾರವೇ ಸ್ನೋ ಶುರುವಾಗುತ್ತದೆ ಅಂತ ಹವಾಮಾನದವರು ಹೇಳಿದ್ದರು. ಹಾಗಾಗಿ ಗುರುವಾರವೇ ಅಂಗಡಿಗಳಲ್ಲಿ ಹಾಲು, ಬ್ರೆಡ್ ಖಾಲಿ. ನಾನು ಹಬ್ಬದ ಉಪವಾಸದಲ್ಲೇ ಹೋಗಿ ಅಕ್ಕಿ, ತರಕಾರಿ, ಮಗಳಿಗೆ ಹಾಲು ತಂದೆ. ಶುಕ್ರವಾರ ಬಂತು, ಏನೂ ಬೀಳಲಿಲ್ಲ. ಶನಿವಾರ ಮಧ್ಯಾಹ್ನವೂ ಬರೀ ಜಿಟಿಜಿಟಿ ಮಳೆ. ‘ಸುಮ್ನೆ ಹೆದರಿಸಿದರು’ ಅಂತ ಗೆಳತಿಯರ ಗ್ರೂಪಿನಲ್ಲಿ ಮಾತು ಶುರುವಾಯಿತು. ನನಗೆ ಆ ಮಳೆಯೇ ಭಯ ಹುಟ್ಟಿಸಿತ್ತು. ಸ್ನೋ ಬರುವ ಮೊದಲು ರಸ್ತೆಗೆ ಐಸ್ ಕಟ್ಟದಂತೆ ಮೆಗ್ನೀಶಿಯಂ ಕ್ಲೋರೈಡ್ ಅನ್ನುವ ಉಪ್ಪಿನ ನೀರು ಸಿಂಪಡಿಸಿದ್ದರೂ ಮಳೆ ಬಂದರೆ ತೊಳೆದುಹೋಗುತ್ತದೆ. ಒದ್ದೆ ರಸ್ತೆ ಹಾಗೆಯೇ ಹೆಪ್ಪುಗಟ್ಟಿ, ಅದರ ಮೇಲೆ ಸ್ನೋ ಬಿದ್ದರೆ ಕೆಳಗೆ ಐಸ್ ಇರುವುದು ಕಣ್ಣಿಗೆ ಕಾಣುವುದೇ ಇಲ್ಲ.

ಶನಿವಾರ ರಾತ್ರಿ ಪಾಳಿಗೆ ಹೊರಡುವ ಮೊದಲು ಡಿಕ್ಕಿಯಲ್ಲಿ ಸಲಿಕೆ, ಒಂದು ಚೀಲ ಮರಳು, ಎರಡು ಕಂಬಳಿ, ಟಾರ್ಚ್, ಒಣ ಸಾಕ್ಸ್ ಇಟ್ಟೆ. ತಿನ್ನಲು ಚಕ್ಕುಲಿ, ಕುಡಿಯಲು ನೀರು. ವೈಪರ್ ನೀರು ಹೆಪ್ಪುಗಟ್ಟದ ಜಾತಿಯದೇ ಅಂತ ಇನ್ನೊಮ್ಮೆ ನೋಡಿಕೊಂಡೆ. ನನ್ನದು ಹಳೆಯ ಕೊರೊಲಾ. ಮುಂದಿನ ಚಕ್ರಗಳಿಗೆ ಮಾತ್ರ ಎಂಜಿನ್ ಶಕ್ತಿ ಹೋಗುತ್ತದೆ. ಆದರೆ ನಾಲ್ಕೂ ಟಯರು ಚಳಿಗಾಲದವು. ಈ ಊರಿನಲ್ಲಿ ಎಲ್ಲರೂ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಕಾರು ತಗೊಳ್ಳಿ ಅಂತ ಹೇಳುತ್ತಾರೆ. ಹೊರಡಲು, ದಿಬ್ಬ ಹತ್ತಲು ಅದು ಒಳ್ಳೆಯದೇ. ನಿಲ್ಲಿಸುವಾಗ ಅದರಿಂದ ಏನೂ ಉಪಯೋಗವಿಲ್ಲ. ನಿಲ್ಲಿಸುವುದು ಟಯರು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಟಯರಿಗೆ ಹಾಕಿ.

ಆ ರಾತ್ರಿ ಎರಡು ಗಂಟೆಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು. ಸಂಜೆ ಬೆಳಕು ಹೆಚ್ಚು ಹೊತ್ತು ಸಿಗಲಿ ಅಂತ ಇಲ್ಲಿ ಗಡಿಯಾರ ಮುಂದಕ್ಕೆ ಇಡುವ ‘ಬೇಸಿಗೆ ಸಮಯ’ ಶುರುವಾಗುವ ರಾತ್ರಿ ಅದು. ಕಿಟಕಿಯಾಚೆ ದೀಪದ ಬೆಳಕಿನಲ್ಲಿ ಸ್ನೋ ಅಡ್ಡಡ್ಡ ಹಾರುತ್ತಿತ್ತು. ಬೆಳಿಗ್ಗೆ ಏಳಕ್ಕೆ ಬರಬೇಕಾದ ಸಹೋದ್ಯೋಗಿ ಬಂದಾಗ ಒಂಬತ್ತೂವರೆ. ಅಷ್ಟು ಹೊತ್ತು ನಾನೇ ನೋಡಿಕೊಂಡೆ. ಬೇಕಾದವರು ಇಲ್ಲೇ ಮಲಗಿ ಅಂತ ಆಸ್ಪತ್ರೆಯಲ್ಲಿ ಮಡಿಸುವ ಮಂಚ ಹಾಕಿದ್ದರು. ನಾನು ಮಲಗಲಿಲ್ಲ. ಮಗಳಿಗೆ ನಾಲ್ಕು ವರ್ಷ, ಅಮ್ಮ ಎಲ್ಲಿ ಅಂತ ಬೆಳಿಗ್ಗೆಯಿಂದ ಅಳುತ್ತಿದ್ದಳು. ಈಗ ಯೋಚಿಸಿದರೆ ಅದು ತಪ್ಪು ನಿರ್ಧಾರ. ಇಡೀ ರಾತ್ರಿ ನಿದ್ದೆಗೆಟ್ಟವಳು ಆ ರಸ್ತೆಗೆ ಇಳಿಯಬಾರದಿತ್ತು. ನೀವು ಇಂಥ ಜಾಗದಲ್ಲಿದ್ದರೆ ಮಲಗಿಬಿಡಿ. ಮಗು ಒಂದಿಷ್ಟು ಅತ್ತು ಸುಮ್ಮನಾಗುತ್ತದೆ.

ಪಾರ್ಕಿಂಗ್‌ನಲ್ಲಿ ಕಾರಿನ ಮೇಲೆ ಒಂದು ಅಡಿಯ ಹತ್ತಿರ ಸ್ನೋ ಕೂತಿತ್ತು. ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಿದ ಮೇಲೆಯೇ ಎಂಜಿನ್ ಚಾಲೂ ಮಾಡಿದೆ. ಇದನ್ನು ಮರೆಯಲೇಬೇಡಿ. ಪೈಪು ಮುಚ್ಚಿದ್ದರೆ ವಿಷದ ಹೊಗೆ ಕಾರಿನೊಳಗೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಆಮೇಲೆ ಕಾರಿನ ತಲೆಯ ಮೇಲಿನದನ್ನು ಪೂರ್ತಿ ತೆಗೆದೆ. ಗಾಜು ಮಾತ್ರ ಒರೆಸಿಕೊಂಡು ಹೋಗುವವರನ್ನು ನೋಡಿದ್ದೇನೆ. ಮೊದಲ ಸಲ ಬ್ರೇಕ್ ಒತ್ತಿದಾಗ ಮೇಲಿನ ರಾಶಿಯೆಲ್ಲ ಜಾರಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಇಷ್ಟಕ್ಕೇ ಅರ್ಧ ಗಂಟೆ ಹಿಡಿಯಿತು. ಕೈಗವಸು ತೊಪ್ಪೆಯಾಯಿತು.

ನನಗೆ ಕಾರು ಕಲಿಸಿದ್ದು ಅಪ್ಪ. ತೋಟದ ಜೀಪಿನಲ್ಲಿ, ಶಿರಾಡಿ ಘಾಟಿನಲ್ಲಿ, ಮಳೆಗಾಲದಲ್ಲಿ. ಇಳಿಯುವಾಗ ಬ್ರೇಕ್ ನಂಬಬೇಡ ಪುಟ್ಟಿ, ಗೇರ್ ನಂಬು ಅಂತ ಹೇಳಿಹೇಳಿ ಅಭ್ಯಾಸ ಮಾಡಿಸಿದ್ದರು. ಮಂಜು ಕವಿದಾಗ ಮುಂದಿನ ಲಾರಿಯ ಕೆಂಪು ದೀಪ ಹಿಡಿದುಕೊಂಡು ಹೋಗಬೇಡ, ಅವನು ಹಳ್ಳಕ್ಕೆ ಬಿದ್ದರೆ ನೀನೂ ಬೀಳ್ತೀಯ ಅಂತಲೂ ಹೇಳುತ್ತಿದ್ದರು. ಸ್ನೋದಲ್ಲಿ ಓಡಿಸುವ ಬಗ್ಗೆ ಇಲ್ಲಿ ನಾನು ಕಲಿತದ್ದೆಲ್ಲ ಆ ಎರಡು ಮಾತಿನ ಮುಂದುವರಿಕೆ.

ಹವಾನಾ ಸ್ಟ್ರೀಟ್‌ನಲ್ಲಿ ಪ್ಲೌ, ಅಂದರೆ ಸ್ನೋ ಬದಿಗೆ ತಳ್ಳುವ ಗಾಡಿ, ಒಂದು ಸಲ ಹೋಗಿತ್ತು. ಅದರ ಮೇಲೆ ಮತ್ತೆ ನಾಲ್ಕು ಬೆರಳು ಬಿದ್ದಿತ್ತು. ಲೇನಿನ ಗೆರೆ ಇಲ್ಲ, ಫುಟ್‌ಪಾತ್ ಇಲ್ಲ, ಎಲ್ಲ ಒಂದೇ ಬಿಳುಪು. ಹೆಡ್‌ಲೈಟ್ ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದ್ದ ಹಾಗೆ ಕಾಣುತ್ತದೆ. ಲೋ ಬೀಮ್‌ನಲ್ಲೇ ಹೋದೆ. ಗಂಟೆಗೆ ಇಪ್ಪತ್ತು ಕಿಲೋಮೀಟರ್‌ಗಿಂತ ಜಾಸ್ತಿ ಹೋಗಲಿಲ್ಲ. ಮುಂದಿನ ಗಾಡಿ ಒಂದು ದೀಪದ ಕಂಬ ದಾಟಿದ ಮೇಲೆ ನಾನು ಹತ್ತು ಎಣಿಸುವವರೆಗೆ ಆ ಕಂಬ ಮುಟ್ಟಬಾರದು. ಇದು ನಾನೇ ಮಾಡಿಕೊಂಡ ಲೆಕ್ಕ. ಒಣ ರಸ್ತೆಗೆ ಮೂರು ಸಾಕು. ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ.

ಅಲಮೀಡಾ ಅವೆನ್ಯೂ ದಾಟುವಾಗ ಸಿಗ್ನಲ್ ಹಸಿರಿತ್ತು, ನಿಲ್ಲದೆ ಬಂದೆ. ದೂರದಲ್ಲಿ ಕೆಂಪು ಕಂಡರೆ ಅಲ್ಲಿಂದಲೇ ಆಕ್ಸಿಲರೇಟರ್ ಬಿಟ್ಟುಬಿಡುತ್ತೇನೆ. ಉರುಳುತ್ತಾ ಹೋಗುವಷ್ಟರಲ್ಲಿ ಹಸಿರಾಗಿರುತ್ತದೆ. ಪೂರ್ತಿ ನಿಂತರೆ ಮತ್ತೆ ಹೊರಡುವುದೇ ಕಷ್ಟ.

ಮುಂದೆ ಒಂದು ಸಣ್ಣ ಇಳಿಜಾರು, ಅದರ ಕೊನೆಗೆ ಸಿಗ್ನಲ್. ಗೇರನ್ನು ಮೊದಲೇ 2ಕ್ಕೆ ಇಳಿಸಿದ್ದೆ. ಸಿಗ್ನಲ್‌ನಲ್ಲಿ ಒಂದು ಪಿಕಪ್ ನಿಂತಿತ್ತು. ನಾನು ಮೆಲ್ಲಗೆ ಬ್ರೇಕ್ ಒತ್ತಿದೆ. ಕಾಲಿನ ಕೆಳಗೆ ಪೆಡಲ್ ಗಡಗಡ ನಡುಗಿತು. ಕಾರು ನಿಲ್ಲಲಿಲ್ಲ. ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಹಾಗೆಯೇ ನಡುಗುತ್ತದೆ. ಮೊದಲ ವರ್ಷ ನಾನು ಬ್ರೇಕ್ ಕೆಟ್ಟಿತು ಅಂತ ಹೆದರಿ ಕಾಲು ತೆಗೆದಿದ್ದೆ. ತೆಗೆಯಬಾರದು, ಒತ್ತಿಕೊಂಡೇ ಇರಬೇಕು. ಪಿಕಪ್ ಹತ್ತಿರವಾಗುತ್ತಾ ಬಂತು. ಆಗ ನೋಡಬೇಕಾದದ್ದು ಪಿಕಪ್ಪನ್ನಲ್ಲ. ಕಣ್ಣು ಎಲ್ಲಿ ನೆಟ್ಟಿರುತ್ತದೋ ಕೈ ಅಲ್ಲಿಗೇ ಎಳೆಯುತ್ತದೆ. ಬಲಗಡೆ ಪ್ಲೌ ಒತ್ತರಿಸಿದ ಸ್ನೋ ಮೊಣಕಾಲೆತ್ತರ ಬದುವಿನ ಹಾಗೆ ಇತ್ತು. ಅದನ್ನೇ ನೋಡಿದೆ, ಸ್ಟೀರಿಂಗ್ ಅಷ್ಟೇ ಅಷ್ಟು ಆ ಕಡೆ ತಿರುಗಿಸಿದೆ. ಬಲಗಡೆಯ ಚಕ್ರಗಳು ಮೆತ್ತನೆಯ ರಾಶಿಗೆ ಹೊಕ್ಕವು. ಬುಸ್ ಅಂತ ಸದ್ದಾಯಿತು, ಕಾರು ನಿಂತಿತು. ಪಿಕಪ್ಪಿಗೂ ನನಗೂ ಒಂದು ಮಾರು ಅಂತರ. ಕೈ ನಡುಗುವುದು ನಿಲ್ಲುವವರೆಗೆ, ಇನ್ನೊಂದು ಹಸಿರು ಬಂದುಹೋಗುವವರೆಗೆ, ಅಲ್ಲೇ ಕೂತಿದ್ದೆ.

ಉಳಿದ ದಾರಿಯಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಎರಡು ಕಾರು ರಸ್ತೆಯಲ್ಲೇ ಬಿಟ್ಟುಹೋಗಿದ್ದರು. ಅಂಗಡಿಗಳೆಲ್ಲ ಮುಚ್ಚಿದ್ದವು. ಹ್ಯಾಂಪ್ಡನ್ ಮುಟ್ಟಿದಾಗ ಹೊರಟು ಒಂದು ಗಂಟೆಯ ಮೇಲಾಗಿತ್ತು.

ಸಿಕ್ಕಿಕೊಂಡದ್ದು ನಮ್ಮ ಬೀದಿಯ ಬಾಯಲ್ಲೇ. ಪ್ಲೌ ಮೊದಲು ದೊಡ್ಡ ರಸ್ತೆಗಳಿಗೆ ಹೋಗುತ್ತದೆ. ನಮ್ಮಂಥ ಒಳಬೀದಿಗೆ ಬರುವ ಹೊತ್ತಿಗೆ ಸ್ನೋ ತಾನೇ ಕರಗಿರುತ್ತದೆ. ತಿರುಗಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕಾರಿನ ಹೊಟ್ಟೆ ಸ್ನೋ ಮೇಲೆ ಕೂತಿತು. ಚಕ್ರ ಸುಮ್ನೆ ಸುತ್ತುತ್ತಿತ್ತು. ಇಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಕೆಟ್ಟದ್ದು. ಚಕ್ರದ ಬಿಸಿಗೆ ಕೆಳಗಿನದು ಕರಗಿ ಗಾಜಿನಂಥ ಐಸ್ ಆಗುತ್ತದೆ. ಕೂಡಲೇ ಬಿಟ್ಟೆ, ಮನೆಗೆ ಫೋನ್ ಮಾಡಿದೆ. ‘ರೀ, ಬೀದಿ ತುದಿಯಲ್ಲಿದ್ದೀನಿ, ಸಲಿಕೆ ತಗೊಂಡು ಬನ್ನಿ’ ಅಂದೆ.

ಅವರು ಬಂದರು. ಜೊತೆಗೆ ಎದುರುಮನೆಯ ಅಜ್ಜನೂ ಬಂದರು. ಎಪ್ಪತ್ತು ದಾಟಿದವರು. ಬೇಡ ಅಂದರೂ ಕೇಳಲಿಲ್ಲ. ಒದ್ದೆ ಸ್ನೋ ಎತ್ತುವಾಗ ಸಲಿಕೆ ತುಂಬಬಾರದು, ಅರ್ಧ ಮಾತ್ರ ಎತ್ತಿ, ಸೊಂಟ ತಿರುಗಿಸಬೇಡಿ, ಇಡೀ ಮೈ ತಿರುಗಿ ಹಾಕಿ ಅಂತ ನಮಗೆ ತೋರಿಸಿಕೊಟ್ಟರು. ಮೊದಲು ಕಾರಿನ ಹೊಟ್ಟೆಯ ಕೆಳಗಿನದು, ಆಮೇಲೆ ಚಕ್ರದ ಮುಂದಿನದು. ಮುಂದಿನ ಎರಡು ಚಕ್ರಕ್ಕೆ ಮರಳು ಸುರಿದೆವು. ಸಾಲದಿದ್ದಾಗ ಕಾಲೊರೆಸುವ ಮ್ಯಾಟ್ ತೆಗೆದು ಅಡಿಗೆ ತುರುಕಿದೆವು. ಹಿಂದೆ, ಮುಂದೆ, ಹಿಂದೆ, ಮುಂದೆ ಅಂತ ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ಆಡಿಸಿದೆ. ನಾಲ್ಕನೇ ಸಲಕ್ಕೆ ಬಂತು. ಆದರೆ ಮನೆಯವರೆಗೆ ತರಲಿಲ್ಲ, ಹಿಂದಕ್ಕೇ ತೆಗೆದು ಬೀದಿಯ ಬಾಯಲ್ಲಿ ಬದಿಗೆ ನಿಲ್ಲಿಸಿ, ವೈಪರ್ ಎತ್ತಿಟ್ಟು ನಡೆದುಬಂದೆವು. ಮನೆಯಲ್ಲಿ ಬಿಸಿ ಸಾರನ್ನ ಇತ್ತು. ಒಂದು ಡಬ್ಬಿ ತುಂಬಿ ಅಜ್ಜನಿಗೆ ಕೊಟ್ಟೆ.

ಆ ಮಧ್ಯಾಹ್ನ ನಾನು ಮಲಗಿದ್ದಾಗ ಇವರು ಪೊರಕೆ ಹಿಡಿದು ಅಂಗಳದ ಮರಗಳ ಕೊಂಬೆ ಅಲ್ಲಾಡಿಸುತ್ತಿದ್ದರಂತೆ. ಮಾರ್ಚ್ ಸ್ನೋ ಭಾರಕ್ಕೆ ಕೊಂಬೆಗಳು ಸೀಳಿಹೋಗುತ್ತವೆ. ಕೆಳಗಿನಿಂದ ಮೇಲಕ್ಕೆ ಮೆತ್ತಗೆ ಎತ್ತಿ ಬಿಡಬೇಕು, ಮೇಲಿನಿಂದ ಬಡಿಯಬಾರದು.

ಸಂಜೆ ಊರಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಆಗಲೇ ಸೋಮವಾರ ಬೆಳಿಗ್ಗೆ. ಅಮ್ಮ ಕಿಟಕಿಯಾಚೆಯ ಬಿಳುಪು ನೋಡಿ, ‘ಅಯ್ಯೋ ಶಿವನೇ’ ಅಂದರು. ಅಪ್ಪ ಕೇಳಿದ್ದು ಒಂದೇ, ಇಳಿಜಾರಿನಲ್ಲಿ ಯಾವ ಗೇರಿನಲ್ಲಿದ್ದೆ ಅಂತ.

ಡೆನ್ವರ್‌ನ ಬಿಸಿಲು ಜೋರು. ಊರು ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ. ಬಿಸಿಲು ಬಿದ್ದ ಕೂಡಲೇ ರಸ್ತೆಯೆಲ್ಲ ನೀರು. ಬಿರುಗಾಳಿ ಹೋಯಿತು ಅಂತ ಮೈಮರೆಯುವ ಹೊತ್ತು ಇದೇ. ಹಗಲು ಕರಗಿದ ನೀರು ರಾತ್ರಿ ಕರಿ ಐಸ್ ಆಗಿ ಕೂರುತ್ತದೆ. ರಸ್ತೆ ಬರೀ ಒದ್ದೆಯಾದ ಹಾಗೆ ಕಾಣುತ್ತದೆ. ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮುತ್ತಿದ್ದರೆ ಅದು ನೀರು. ರಸ್ತೆ ಮಿನುಗುತ್ತಿದ್ದೂ ಏನೂ ಚಿಮ್ಮದಿದ್ದರೆ ಐಸ್ ಇರಬಹುದು ಅಂತ ನಾನು ಕಾಲು ಸಡಿಲಿಸುತ್ತೇನೆ. ಮಂಗಳವಾರ ರಾತ್ರಿ ಮತ್ತೆ ಪಾಳಿಗೆ ಹೋದಾಗ ಅದೇ ಇಳಿಜಾರನ್ನು ಆಳು ನಡೆಯುವಷ್ಟೇ ವೇಗದಲ್ಲಿ ಇಳಿದೆ.

ಮ್ಯಾಟ್ ಎರಡೂ ಹರಿದುಹೋಗಿದ್ದವು, ಹೊಸದು ತಂದೆ. ಮರಳಿನ ಚೀಲವನ್ನೂ ಮತ್ತೆ ತುಂಬಿಸಿ ಡಿಕ್ಕಿಗೆ ಹಾಕಿದೆ. ಇಲ್ಲಿ ಮೇ ತಿಂಗಳಲ್ಲೂ ಸ್ನೋ ಬೀಳುವುದುಂಟು, ಅಲ್ಲಿಯವರೆಗೆ ಅದನ್ನು ಇಳಿಸುವುದಿಲ್ಲ.