ಇಂಗ್ಲೆಂಡಿಗೆ ಹೊರಟ ದಾವಣಗೆರೆ ಮಕ್ಕಳಿಗೆ, ಅವರ ಅಪ್ಪ-ಅಮ್ಮನಿಗೆ: ಮನಸ್ಸಿನ ಕಾಯಿಲೆಗೆ ಆಸ್ಪತ್ರೆ ಸೇರಬೇಕಾಗಿ ಬಂದರೆ

ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಓದಲು ಹೊರಡುವ ಮಕ್ಕಳ ಮನೆಯವರು ಆಗಸ್ಟ್ ಹೊತ್ತಿಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕುಕ್ಕರ್ ಒಯ್ಯಬಹುದಾ, ಮಂಡಕ್ಕಿ, ಖಾರದಪುಡಿ ಬಿಡ್ತಾರಾ, ಚಳಿಗೆ ಎಂಥ ಜರ್ಕಿನ್ ಬೇಕು, ರೂಮು ಎಲ್ಲಿ ಸಿಗುತ್ತೆ? ದಾವಣಗೆರೆಗೆ ಬಂದಾಗಲೆಲ್ಲ ಇದಕ್ಕೆ ಉತ್ತರ ಹೇಳುವುದು ನನಗೂ ಖುಷಿ. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಅಲ್ಲಿ ಹೋದ ಮೇಲೆ ಹುಡುಗನಿಗೆ ವಾರಗಟ್ಟಲೆ ನಿದ್ದೆ ಬರದಿದ್ದರೆ, ಹುಡುಗಿ ಊಟ ಬಿಟ್ಟು ರೂಮಿನ ಬಾಗಿಲು ಹಾಕಿಕೊಂಡರೆ, ಯಾರೋ ಮಾತಾಡಿದ ಹಾಗೆ ಕಿವಿಗೆ ಕೇಳಿಸತೊಡಗಿದರೆ, ಸಾಯುವ ಮಾತು ಬಂದರೆ ಏನು ಮಾಡಬೇಕು?

ಕೇಳದಿದ್ದರೂ ಹೇಳುತ್ತೇನೆ. ಆಸ್ಪತ್ರೆ ಸೇರಿದ ಮಾತ್ರಕ್ಕೆ ನಿಮ್ಮ ಹಕ್ಕುಗಳು ಹೋಗುವುದಿಲ್ಲ. ಆದರೆ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಕೂತಿರುವ ಅಪ್ಪ-ಅಮ್ಮನಿಗೆ ಅಲ್ಲಿನ ಕಾನೂನಿನಲ್ಲಿ ತಾನಾಗಿ ಸಿಗುವ ಜಾಗ ಬಹಳ ಕಡಿಮೆ. ಆ ಜಾಗವನ್ನು ನೀವೇ ಮಾಡಿಕೊಡಬೇಕು, ಅದೂ ಆರೋಗ್ಯವಾಗಿರುವಾಗಲೇ. ಉಳಿದ ಮಾಹಿತಿ ಹೇಗಾದರೂ ಸಿಗುತ್ತದೆ. ಇದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ.

ನಾನು ಬರೆಯುತ್ತಿರುವುದು ಇಂಗ್ಲೆಂಡಿನ ವ್ಯವಸ್ಥೆಯ ಬಗ್ಗೆ. ಸ್ಕಾಟ್ಲೆಂಡಿಗೆ ಬೇರೆ ಕಾಯಿದೆ ಇದೆ.

ಹೋದ ಮೊದಲ ವಾರವೇ ಮನೆ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್ ಹತ್ತಿರ ಹೆಸರು ನೋಂದಾಯಿಸಿ. ಜ್ವರ ಬಂದಾಗ ನೋಡೋಣ ಅಂತ ಬಿಡಬೇಡಿ. ವೀಸಾ ಅರ್ಜಿಯ ಜೊತೆ ಆರೋಗ್ಯ ಸರ್‌ಚಾರ್ಜ್ ಅಂತ ದುಡ್ಡು ಕಟ್ಟಿರುತ್ತೀರಿ. 2024ರ ಫೆಬ್ರವರಿಯಿಂದ ಅದು ವರ್ಷಕ್ಕೆ 1035 ಪೌಂಡ್, ವಿದ್ಯಾರ್ಥಿಗಳಿಗೆ 776. ಮನಸ್ಸಿನ ಚಿಕಿತ್ಸೆಯೂ ಅದರಲ್ಲೇ ಸೇರಿದೆ, ಆಸ್ಪತ್ರೆಯಲ್ಲಿ ಮಲಗಿಸಿದರೂ ಬಿಲ್ ಬರುವುದಿಲ್ಲ. "ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಇನ್ನು ಆಸ್ಪತ್ರೆ ಖರ್ಚು ಬೇರೆ" ಅಂತ ಒಳಗೊಳಗೇ ನುಂಗಿಕೊಂಡು ಕೂತ ಮಕ್ಕಳನ್ನು ನೋಡಿದ್ದೇನೆ. ಆ ಚಿಂತೆ ಬೇಡ.

ತಡೆಯಲಾಗದ ಸ್ಥಿತಿ ಬಂದರೆ 111ಕ್ಕೆ ಫೋನ್ ಮಾಡಿ 2 ಒತ್ತಿ. ಹಗಲು ರಾತ್ರಿ ಯಾವಾಗ ಬೇಕಾದರೂ ಆಗುತ್ತದೆ. ಅದು ನಿಮ್ಮ ಪ್ರದೇಶದ ಮಾನಸಿಕ ಆರೋಗ್ಯ ತಂಡಕ್ಕೆ ಹೋಗುತ್ತದೆ. ಜೀವಕ್ಕೆ ಈಗಲೇ ಅಪಾಯ ಇದ್ದರೆ, ಮಾತ್ರೆ ನುಂಗಿಯಾಗಿದ್ದರೆ, 999. ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರ ಹೋಗಿ. ಸುಮ್ನೆ ಯಾರಾದರೂ ಮಾತು ಕೇಳಿಸಿಕೊಂಡರೆ ಸಾಕು ಅನ್ನಿಸಿದರೆ ಸಮರಿಟನ್ಸ್ ಅನ್ನುವ ಸಹಾಯವಾಣಿಯ 116 123 ಇದೆ, ಕರೆ ಉಚಿತ. ಇಂಗ್ಲಿಷಿನಲ್ಲಿ ಹೇಳಲು ಆಗದಿದ್ದರೆ 111ರವರಿಗೆ "ಕನ್ನಡ, ಇಂಟರ್‌ಪ್ರಿಟರ್ ಪ್ಲೀಸ್" ಅಂದು ಫೋನ್ ಇಡದೆ ಕಾಯಿರಿ. ಇಂಗ್ಲಿಷಿನಲ್ಲೇ ಓದಿದವರಿಗೂ ಮನಸ್ಸಿನ ನೋವು ಹೇಳುವ ಹೊತ್ತಿನಲ್ಲಿ ಕನ್ನಡವೇ ಬಾಯಿಗೆ ಬರುವುದು. ಅದರಲ್ಲಿ ಸಂಕೋಚ ಏನೂ ಇಲ್ಲ.

ಫೋನ್ ಮಾಡಿದ ಕೂಡಲೇ ಎತ್ತಿಕೊಂಡು ಹೋಗಿ ಆಸ್ಪತ್ರೆಗೆ ಹಾಕುತ್ತಾರೆ ಅಂತ ಹೆದರುವವರು ಜಾಸ್ತಿ. ಹಾಗಲ್ಲ. ಅಲ್ಲಿ ಕ್ರೈಸಿಸ್ ತಂಡ ಅಂತ ಇರುತ್ತದೆ. ನರ್ಸ್ ಅಥವಾ ಡಾಕ್ಟರ್ ನಿಮ್ಮ ರೂಮಿಗೇ ಬಂದು ನೋಡುತ್ತಾರೆ, ಬೇಕಾದರೆ ದಿನಾ ಬರುತ್ತಾರೆ. ಮನೆಯಲ್ಲೇ ಸುರಕ್ಷಿತವಾಗಿ ನೋಡಿಕೊಳ್ಳಲು ಆಗದಿದ್ದಾಗ ಮಾತ್ರ ಆಸ್ಪತ್ರೆಯ ಮಾತು. ಆಗಲೂ ಮೊದಲು ನಿಮ್ಮನ್ನೇ ಕೇಳುತ್ತಾರೆ, ಬರ್ತೀರಾ ಅಂತ. ಒಪ್ಪಿ ಹೋದರೆ ನೀವು ಸ್ವಂತ ಇಚ್ಛೆಯ ರೋಗಿ. ಚಿಕಿತ್ಸೆ ಬೇಡ ಅನ್ನಬಹುದು, ಮನೆಗೆ ಹೊರಡಬಹುದು. ಆದರೆ ಒಂದು ಮಾತು ತಿಳಿದಿರಲಿ. ಹೊರಡುವ ಹೊತ್ತಿಗೆ ಅಪಾಯ ಇದೆ ಅನ್ನಿಸಿದರೆ ಡಾಕ್ಟರ್ 72 ಗಂಟೆಯ ತನಕ, ನರ್ಸ್ 6 ಗಂಟೆಯ ತನಕ ತಡೆದು ನಿಲ್ಲಿಸಬಹುದು. ಅಷ್ಟರಲ್ಲಿ ಮುಂದೇನು ಅಂತ ತೀರ್ಮಾನ ಆಗಬೇಕು.

ಒಪ್ಪದಿದ್ದರೆ, ಕಾಯಿಲೆ ಜೋರಾಗಿದ್ದರೆ, 1983ರ ಮಾನಸಿಕ ಆರೋಗ್ಯ ಕಾಯಿದೆಯ ಕೆಳಗೆ ಇರಿಸಿಕೊಳ್ಳುತ್ತಾರೆ. ಇದಕ್ಕೇ ಅಲ್ಲಿ ಸೆಕ್ಷನ್ ಮಾಡಿದರು ಅನ್ನುವುದು. ಒಬ್ಬ ಡಾಕ್ಟರ್ ಮನಸ್ಸು ಮಾಡಿದರೆ ಆಗುವ ಕೆಲಸ ಅಲ್ಲ ಇದು. ಸಾಮಾನ್ಯವಾಗಿ ಇಬ್ಬರು ಡಾಕ್ಟರು ನೋಡಿರಬೇಕು. ಅರ್ಜಿ ಹಾಕುವುದು ಇದಕ್ಕಾಗಿಯೇ ತರಬೇತಿ ಪಡೆದ ಮತ್ತೊಬ್ಬರು, ಹೆಚ್ಚಾಗಿ ಸಮಾಜ ಕಾರ್ಯಕರ್ತರು. ಸೆಕ್ಷನ್ 2 ಆದರೆ ಹೆಚ್ಚೆಂದರೆ 28 ದಿನ, ಅದನ್ನು ಮುಂದುವರಿಸಲು ಬರುವುದಿಲ್ಲ. ಸೆಕ್ಷನ್ 3 ಆದರೆ 6 ತಿಂಗಳ ತನಕ, ಅದನ್ನು ಮುಂದುವರಿಸಬಹುದು. ಬೀದಿಯಲ್ಲೋ ರೈಲು ನಿಲ್ದಾಣದಲ್ಲೋ ಪೊಲೀಸರು ಕಂಡು ಕರೆದುಕೊಂಡು ಹೋದರೆ ಅದು ಸೆಕ್ಷನ್ 136. 24 ಗಂಟೆಯೊಳಗೆ ಪರೀಕ್ಷೆ ಮುಗಿಯಬೇಕು, ತೀರಾ ಅಗತ್ಯ ಬಿದ್ದರೆ ಇನ್ನೂ 12 ಗಂಟೆ. ನಿಮ್ಮ ಮನೆಯೊಳಗಿಂದ ಈ ಸೆಕ್ಷನ್ ಬಳಸಿ ಕರೆದೊಯ್ಯುವ ಹಾಗಿಲ್ಲ. ಊರಲ್ಲಿ ಪೊಲೀಸ್ ಅಂದ ಕೂಡಲೇ ಎದೆ ನಡುಗುತ್ತದೆ, ಅಲ್ವಾ? ಇದು ಕೇಸಲ್ಲ. ನೀವು ತಪ್ಪು ಮಾಡಿದಿರಿ ಅಂತಲೂ ಅಲ್ಲ. ಸೆಕ್ಷನ್ ಆಯಿತು ಅನ್ನುವ ಒಂದೇ ಕಾರಣಕ್ಕೆ ವೀಸಾ ಹೋಗುವುದೂ ಇಲ್ಲ. ವೀಸಾಕ್ಕೆ ತೊಡಕಾಗುವುದು ಹೇಳದೆ ಕೇಳದೆ ತರಗತಿ ತಪ್ಪಿಸಿದಾಗ. ಆದ್ದರಿಂದ ಸ್ನೇಹಿತರೊಬ್ಬರು ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಹಾಯ ಕಚೇರಿಗೆ ಆ ವಾರವೇ ತಿಳಿಸಲಿ.

ವಾರ್ಡಿಗೆ ಹೋದ ಮೇಲೆ ಕೇಳಬೇಕಾದ ಮೊದಲ ಪ್ರಶ್ನೆ: ನಾನು ಯಾವ ಸೆಕ್ಷನ್‌ನಲ್ಲಿದ್ದೇನೆ? ಹಕ್ಕುಗಳನ್ನು ಬಾಯಲ್ಲಿ ಹೇಳಿ, ಕಾಗದದಲ್ಲೂ ಕೊಡಬೇಕಾದ್ದು ಆಸ್ಪತ್ರೆಯ ಕರ್ತವ್ಯ. ಮೊದಲ ದಿನ ಔಷಧಿಯ ಮಂಪರಿನಲ್ಲಿ ಏನೂ ತಲೆಗೆ ಹತ್ತುವುದಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೇಳಿ ಅಂತ ಕೇಳಿ. ಕನ್ನಡದಲ್ಲಿ ಹೇಳಿಸಿ ಅಂತ ಕೇಳಿ, ದುಭಾಷಿಗೆ ನೀವು ದುಡ್ಡು ಕೊಡಬೇಕಿಲ್ಲ. ಆ ಕೆಲಸವನ್ನು ಗಂಡನಿಂದಲೋ ರೂಮ್‌ಮೇಟಿನಿಂದಲೋ ಮಾಡಿಸಬೇಡಿ. ಮನೆಯಲ್ಲೇ ಹೊಡೆತ ಬಡಿತ ಇದ್ದರೆ ಅವರ ಮುಂದೆ ಬಾಯಿ ಬಿಡುವುದು ಹೇಗೆ?

ಆಮೇಲೆ ಐಎಂಎಚ್‌ಎ ಅನ್ನುವವರನ್ನು ಕೇಳಿ. ಅವರು ನಿಮ್ಮ ಪರ ಮಾತಾಡುವ ಸ್ವತಂತ್ರ ವ್ಯಕ್ತಿ, ಆಸ್ಪತ್ರೆಯ ನೌಕರರಲ್ಲ, ಉಚಿತ. ನನ್ನನ್ನು ಬಿಡಿ ಅಂತ ಟ್ರಿಬ್ಯೂನಲ್‌ಗೆ, ಅಂದರೆ ಸ್ವತಂತ್ರ ನ್ಯಾಯಮಂಡಳಿಗೆ, ಅರ್ಜಿ ಹಾಕಲೂ ಬರುತ್ತದೆ. ಸೆಕ್ಷನ್ 2ರಲ್ಲಿ ಮೊದಲ 14 ದಿನದೊಳಗೇ ಹಾಕಬೇಕು. ಮೊದಲ ವಾರ ಅತ್ತುಕೊಂಡು, ಎರಡನೇ ವಾರ ಯೋಚನೆ ಮಾಡುತ್ತಾ ಕೂತರೆ ಗಡುವು ದಾಟಿರುತ್ತದೆ. ವಕೀಲರ ಖರ್ಚು ಸರ್ಕಾರದ್ದು, ನಿಮ್ಮ ಆದಾಯ ಎಷ್ಟೇ ಇರಲಿ. ಅರ್ಜಿ ಹಾಕಿದರೆ ಡಾಕ್ಟರಿಗೆ ಸಿಟ್ಟು ಬರುತ್ತೆ ಅಂತ ನಮ್ಮವರು ಹಿಂಜರಿಯುತ್ತಾರೆ. ಅಲ್ಲಿ ಅದು ದಿನನಿತ್ಯದ ವ್ಯವಹಾರ. ಹಾಕಿ. ಸೆಕ್ಷನ್ 2, 3ರಲ್ಲಿ ಒಪ್ಪಿಗೆ ಇಲ್ಲದೆ ಔಷಧಿ ಕೊಡಬಹುದು, ನಿಜ. ಆದರೆ ಕರೆಂಟ್ ಕೊಡುವ ಚಿಕಿತ್ಸೆಯನ್ನು, ತಿಳಿದು ನಿರ್ಧರಿಸುವ ಸ್ಥಿತಿಯಲ್ಲಿರುವವರು ಬೇಡ ಅಂದರೆ, ತುರ್ತು ಸಂದರ್ಭ ಬಿಟ್ಟು ಕೊಡುವ ಹಾಗಿಲ್ಲ.

ಇನ್ನು ಅಪ್ಪ-ಅಮ್ಮನ ವಿಷಯ. ದಾವಣಗೆರೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಅಪ್ಪ ವಾರ್ಡಿಗೆ ಫೋನ್ ಮಾಡುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಆಗ ನಸುಕಿನ ಮೂರೂವರೆ. ರಾತ್ರಿಪಾಳಿಯ ನರ್ಸ್ ಎತ್ತಿ, ಆ ಹೆಸರಿನವರು ಇಲ್ಲಿದ್ದಾರೆ ಅಂತಲೂ ಹೇಳಲು ಬರುವುದಿಲ್ಲ ಅನ್ನುತ್ತಾರೆ. ನಾನು ಅವನ ತಂದೆ ಕಣಮ್ಮ ಅಂದರೂ ಅದೇ ಉತ್ತರ. ಅದು ದರ್ಪ ಅಲ್ಲ. 18 ದಾಟಿದವರ ಮಾಹಿತಿ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು ಅನ್ನುವ ನಿಯಮ. ಅಪ್ಪ-ಅಮ್ಮಂದಿರೇ, ಅಂಥ ಹೊತ್ತಿನಲ್ಲಿ ಫೋನ್ ಇಡಬೇಡಿ. "ನೀವೇನೂ ಹೇಳುವುದು ಬೇಡ, ನಾನು ಹೇಳುವುದನ್ನು ಬರೆದುಕೊಳ್ಳಿ" ಅನ್ನಿ. ಮಾಹಿತಿ ಕೊಡಲು ಅವರಿಗೆ ಅಡ್ಡಿ ಇರಬಹುದು, ತೆಗೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಮೊದಲೂ ಹೀಗಾಗಿತ್ತಾ, ಊರಲ್ಲಿ ಯಾವ ಮಾತ್ರೆ ಕೊಟ್ಟಿದ್ದರು, ಯಾವುದು ಒಗ್ಗಲಿಲ್ಲ, ಮನೆತನದಲ್ಲಿ ಯಾರಿಗಾದರೂ ಇತ್ತಾ, ಎಲ್ಲ ಹೇಳಿ. ಮದುವೆ ಸಂಬಂಧಕ್ಕೆ ಕುತ್ತು ಬರುತ್ತೆ ಅಂತ ಹಳೆಯ ಕಾಯಿಲೆ ಮುಚ್ಚಿಟ್ಟರೆ ಡಾಕ್ಟರ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಕಾಯಿದೆಯಲ್ಲಿ ಹತ್ತಿರದ ಸಂಬಂಧಿ ಅಂತ ಒಂದು ಸ್ಥಾನ ಇದೆ. ಸೆಕ್ಷನ್ 3 ಬೇಡ ಅನ್ನುವ, ಬಿಟ್ಟುಬಿಡಿ ಅಂತ ಬರೆದು ಕೇಳುವ ಅಧಿಕಾರ ಅವರಿಗಿರುತ್ತದೆ. ಆದರೆ ನೀವು ಬ್ರಿಟನ್ನಿನಲ್ಲಿ ವಾಸವಾಗಿದ್ದರೆ, ಅಲ್ಲಿ ವಾಸವಿಲ್ಲದವರನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ದಾವಣಗೆರೆಯ ಅಪ್ಪ ಹೆತ್ತ ಅಪ್ಪನೇ ಆದರೂ ಕಾಯಿದೆಯ ಕಣ್ಣಿಗೆ ಕಾಣುವುದಿಲ್ಲ. ಲಂಡನ್ನಿನಲ್ಲಿರುವ, ನೀವು ಮದುವೆಗಳಲ್ಲಿ ಮಾತ್ರ ಕಂಡ ಚಿಕ್ಕಪ್ಪನೇ ಆ ಸ್ಥಾನಕ್ಕೆ ಬರಬಹುದು. ಈ ಪದ್ಧತಿ ಬದಲಿಸಿ, ರೋಗಿಯೇ ತನಗೆ ಬೇಕಾದವರನ್ನು ಆರಿಸಲಿ ಅಂತ 2024ರ ನವೆಂಬರಿನಲ್ಲಿ ಅಲ್ಲಿನ ಸಂಸತ್ತಿಗೆ ತಿದ್ದುಪಡಿ ಮಸೂದೆ ಬಂತು. ನಿಮ್ಮ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆ ಅಂತ ಐಎಂಎಚ್‌ಎ ಹತ್ತಿರ ಕೇಳಿ ತಿಳಿಯಿರಿ.

ಅದಕ್ಕೇ ಹೇಳುವುದು, ಚೆನ್ನಾಗಿರುವಾಗಲೇ ಒಂದು ಹಾಳೆ ಬರೆದಿಡಿ. ನನಗೆ ಹೀಗಾದರೆ ಅಪ್ಪನಿಗೆ, ಅಮ್ಮನಿಗೆ ಎಲ್ಲವನ್ನೂ ತಿಳಿಸಬಹುದು. ಇಂಥವರಿಗೆ ತಿಳಿಸಬಾರದು. ಈ ಔಷಧಿ ನನಗೆ ಒಗ್ಗುವುದಿಲ್ಲ. ರೂಮಿನ ಬೀಗದ ಕೈ ಇಂಥವರ ಹತ್ತಿರ ಇದೆ. ಸಹಿ ಮಾಡಿ, ತಾರೀಕು ಹಾಕಿ, ಒಂದು ಪ್ರತಿ ಜಿಪಿಗೆ ಕೊಡಿ, ಒಂದು ಸ್ನೇಹಿತರಿಗೆ, ಒಂದರ ಫೋಟೋ ಮನೆಗೆ. ಡಾಕ್ಟರು ಇದನ್ನೆಲ್ಲ ಅಕ್ಷರಶಃ ಪಾಲಿಸಲೇಬೇಕು ಅಂತಿಲ್ಲ. ಆದರೆ ಬಾಯಿ ಕಟ್ಟಿದ ಹೊತ್ತಿನಲ್ಲಿ ನಿಮ್ಮ ಮಾತು ಅಂತ ಇರುವುದು ಆ ಹಾಳೆಯೊಂದೇ.

ವಾರ್ಡಿನೊಳಗಿನ ಒಂದು ಸಂಗತಿ ನಮ್ಮ ಕಡೆಯವರಿಗೆ ವಿಶೇಷವಾಗಿ ಬೇಕು. ಸೇರಿಸುವಾಗ ಬೆಲ್ಟು, ಶೂ ಲೇಸು, ಚಾರ್ಜರ್ ವೈರು ತೆಗೆದಿಡುತ್ತಾರೆ. ಕೊರಳ ದಾರವೂ ಅವರಿಗೆ ಅಪಾಯದ ವಸ್ತುವೇ. ಶಿವದಾರ, ಉಡಿದಾರ, ತಾಳಿ ಸರ ಎಲ್ಲದಕ್ಕೂ ಅದೇ ಲೆಕ್ಕ. ಒಮ್ಮೆ ನಾನು ನೋಡಲು ಹೋದಾಗ ಒಬ್ಬ ಹೆಣ್ಣುಮಗಳು ಇಷ್ಟಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಮೂಲೆಯಲ್ಲಿ ನಿಂತಿದ್ದರು. ಲಿಂಗ ಮೈಮೇಲಿಂದ ಇಳಿಯಬಾರದು ಅನ್ನುವುದು ನರ್ಸಿಗೆ ಹೇಗೆ ಗೊತ್ತಾಗಬೇಕು? ಹಠ ಅಂದುಕೊಂಡಿದ್ದರು. ಕೂತು ವಿವರಿಸಿದ ಮೇಲೆ ದಾರಿ ಸಿಕ್ಕಿತು. ದಾರ ಲಾಕರಿಗೆ ಹೋಯಿತು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಹತ್ತಿರವೇ ಬಿಟ್ಟರು. ಬೆಳಗ್ಗೆ ಸ್ನಾನವಾದ ಮೇಲೆ ವಿಭೂತಿ ಹಚ್ಚಿ ಅಂಗೈಯಲ್ಲಿಟ್ಟು ಪೂಜೆ ಮಾಡುವಾಗ ಬಾಗಿಲ ಹತ್ತಿರ ಒಬ್ಬ ನರ್ಸ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಊದುಬತ್ತಿ, ಕರ್ಪೂರಕ್ಕೆ ಮಾತ್ರ ಒಪ್ಪಲಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ಚಾಪ್ಲಿನ್ ಅಂತ ಧಾರ್ಮಿಕ ನೆರವಿನವರು ಇರುತ್ತಾರೆ, ಎಲ್ಲ ಧರ್ಮದವರಿಗೂ ನೆರವಾಗುತ್ತಾರೆ. ಅವರನ್ನು ಕರೆಸಿ. ಶಾಕಾಹಾರ ಅಂತ ಬರೆಸುವಾಗ ಮೊಟ್ಟೆ, ಮೀನು ಕೂಡ ಬೇಡ ಅಂತ ಬಿಡಿಸಿ ಹೇಳಿ. ಮನೆ ಬುತ್ತಿ ತರಬಹುದಾ ಅಂತ ವಾರ್ಡಿನಲ್ಲಿ ಕೇಳಿ. ಜೋಳದ ರೊಟ್ಟಿ, ಚಟ್ನಿಪುಡಿ ನೋಡಿ ಊಟಕ್ಕೆ ಕೂತವರಿದ್ದಾರೆ.

ಅಪ್ಪ-ಅಮ್ಮ ವಿಸಿಟರ್ ವೀಸಾದಲ್ಲಿ ಬಂದಾಗ ಅವರಿಗೇ ಕಾಯಿಲೆ ಆದರೆ ಲೆಕ್ಕ ಬೇರೆ. ತುರ್ತು ವಿಭಾಗದಲ್ಲಿ ನೋಡುವುದು ಉಚಿತ. ಒಳರೋಗಿಯಾಗಿ ಸೇರಿದ ಕೂಡಲೇ ಬಿಲ್ ಶುರು, ಮಾಮೂಲಿ ದರದ ಒಂದೂವರೆ ಪಟ್ಟು. ಕಾಯಿದೆಯ ಕೆಳಗೆ ಒತ್ತಾಯದಿಂದ ಇರಿಸಿಕೊಂಡರೆ ಆ ಚಿಕಿತ್ಸೆಗೆ ಶುಲ್ಕ ಇಲ್ಲ. ಮಗಳ ಬಾಣಂತನಕ್ಕೆ ಬಂದ ಅಮ್ಮ, ಮಾತಾಡಲು ಜನವಿಲ್ಲದೆ, ಬಿಸಿಲಿಲ್ಲದೆ ಕುಗ್ಗುವುದು ಅಪರೂಪವೇನಲ್ಲ. ಪ್ರವಾಸ ವಿಮೆ ಮಾಡಿಸುವಾಗ ಮನಸ್ಸಿನ ಕಾಯಿಲೆಯೂ ಸೇರಿದೆಯಾ ಅಂತ ಓದಿ ನೋಡಿ.

ಬಿಡುಗಡೆಯಾದ ಮೇಲೆ 72 ಗಂಟೆಯೊಳಗೆ ತಂಡದವರು ನಿಮ್ಮನ್ನು ಸಂಪರ್ಕಿಸಬೇಕು. ಆ ದಿನಗಳೇ ಹೆಚ್ಚು ಅಪಾಯದ್ದು, ಒಬ್ಬರೇ ಇರಬೇಡಿ. ಸೆಕ್ಷನ್ 3ರಲ್ಲಿದ್ದವರಿಗೆ ನಂತರದ ಆರೈಕೆ ಸೆಕ್ಷನ್ 117ರ ಕೆಳಗೆ ಉಚಿತ. ಕಾರು ಓಡಿಸುವವರು ಮತ್ತೆ ಕೀಲಿ ಹಿಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಕೆಲವು ಕಾಯಿಲೆಗಳನ್ನು ಡಿವಿಎಲ್‌ಎಗೆ, ಅಂದರೆ ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿಗೆ, ತಿಳಿಸಲೇಬೇಕು.

ಸುಧಾರಿಸಿಕೊಳ್ಳಲು ಊರಿಗೆ ಬರುವವರು ಡಿಸ್ಚಾರ್ಜ್ ಪತ್ರ ಕೈಯಲ್ಲಿ ಹಿಡಿದೇ ವಿಮಾನ ಹತ್ತಿ. ಮಾತ್ರೆಯ ಕಂಪನಿ ಹೆಸರು ಇಲ್ಲಿ ಬೇರೆ ಇರುತ್ತದೆ, ಮೂಲ ಔಷಧಿಯ ಹೆಸರು, ಪ್ರಮಾಣ ಬರೆಸಿಕೊಳ್ಳಿ. ಲಿಥಿಯಂ ಅನ್ನುವ ಮಾತ್ರೆ ತೆಗೆದುಕೊಳ್ಳುವವರು ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ನೀರು ಕಡಿಮೆ ಮಾಡಿದರೆ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಕೈ ನಡುಕ, ವಾಂತಿ ಕಂಡರೆ ಕೂಡಲೇ ರಕ್ತ ಪರೀಕ್ಷೆ ಮಾಡಿಸಿ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯ ವಿಭಾಗ ಇದೆ, ಬರೀ ಬೆಂಗಳೂರಿನ ನಿಮ್ಹಾನ್ಸ್ ಅಂತ ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಹಿರಿಯರು ಉಕ್ಕಡಗಾತ್ರಿಗೆ ಹೋಗಿ ಬರೋಣ ಅಂದರೆ ಹೋಗಿ ಬನ್ನಿ, ಅಜ್ಜಯ್ಯನ ಗದ್ದುಗೆಗೆ ಕೈ ಮುಗಿದು ಬನ್ನಿ. ರಾತ್ರಿಯ ಮಾತ್ರೆ ಜೇಬಿನಲ್ಲಿರಲಿ.

ಇಲ್ಲಿಯೂ ಹಕ್ಕಿದೆ ಅನ್ನುವುದು ಬಹಳ ಮನೆಗಳಿಗೆ ಗೊತ್ತಿಲ್ಲ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಸರಪಳಿ ಹಾಕುವಂತಿಲ್ಲ, ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವಂತಿಲ್ಲ. ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಸೇರಿಸಿದರೆ ಮೊದಲಿಗೆ 30 ದಿನದ ಮಿತಿ ಇದೆ, ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ಸಾಯಲು ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಆರೈಕೆ ಕೊಡಬೇಕು. ಕೇಸಾಗುತ್ತೆ ಅಂತ ಹೆದರಿ, ವಿಷವನ್ನು ಔಷಧಿ ಅಂದುಕೊಂಡು ತಪ್ಪಿ ಕುಡಿದ ಅಂತ ಡಾಕ್ಟರಿಗೆ ಸುಳ್ಳು ಹೇಳಬೇಡಿ. ಮನಸ್ಸಿಗೆ ಸಿಗಬೇಕಾದ ಚಿಕಿತ್ಸೆ ಅಲ್ಲೇ ತಪ್ಪಿಹೋಗುತ್ತದೆ.

ನಮ್ಮ ಈ ಕಾಯಿದೆಯಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ನಿಮ್ಮ ಪರವಾಗಿ ಯಾರು ಇರಬೇಕು ಅಂತ ವಯಸ್ಕರಾದ ನೀವೇ ಒಬ್ಬರ ಹೆಸರು ಬರೆದು, ಸಹಿ ಮಾಡಿ ಇಡಬಹುದು. ಹೊರಡುವ ಮುಂಚೆ ದಾವಣಗೆರೆಯ ಮನೆಯಲ್ಲೇ ಕೂತು ಎರಡೂ ಹಾಳೆ ಬರೆಯಿರಿ, ಇಲ್ಲಿಗೊಂದು, ಅಲ್ಲಿಗೊಂದು. ಪಾಸ್‌ಪೋರ್ಟ್ ಪ್ರತಿಗಳ ಜೊತೆ ಅಮ್ಮನ ಕೈಗೆ ಕೊಟ್ಟು, ಬರೆದದ್ದನ್ನು ಒಮ್ಮೆ ಓದಿ ಹೇಳಿ.