ಚೀಟಿ ಬರೆಯುವ ಮೊದಲು ಡಬ್ಬ ತೆಗೆದು ನೋಡಿ

ಸಂಬಳ ಇದ್ದಲ್ಲೇ ಇದೆ, ದಿನಸಿ ಬಿಲ್ಲು ಮಾತ್ರ ಏರುತ್ತಲೇ ಇದೆ. ಬಾಡಿಗೆ ಇಳಿಸಿ ಎಂದರೆ ಮನೆ ಮಾಲೀಕರು ಕೇಳುವುದಿಲ್ಲ. ಸಾಲದ ಕಂತಿಗೆ ನಮ್ಮ ಕಷ್ಟ ಅರ್ಥವಾಗುವುದಿಲ್ಲ. ಕೊನೆಗೆ ನಮ್ಮ ಕೈಯಲ್ಲಿ ಉಳಿಯುವುದು ಅಂಗಡಿ ಸಾಮಾನಿನ ಖರ್ಚು ಒಂದೇ. ಅದು ಸಣ್ಣದೇನಲ್ಲ. ಆದಾಯ ಕಡಿಮೆಯಿದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ ಎಂದು ಜರ್ಮನಿಯ ಸಂಖ್ಯಾಶಾಸ್ತ್ರಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಹಾಗಾಗಿ ಕೈ ಬಿಗಿಯಾದ ಕೂಡಲೇ ಎಲ್ಲರೂ ಆಫರ್ ಹುಡುಕಲು ಶುರು ಮಾಡುತ್ತೇವೆ. ನಾನೂ ಒಂದು ವರ್ಷ ಅದನ್ನೇ ಮಾಡಿದೆ. ರಿಯಾಯಿತಿ ಇಲ್ಲದೆ ಏನನ್ನೂ ಕೊಳ್ಳಲಿಲ್ಲ ಎಂಬ ಹೆಮ್ಮೆ ಬೇರೆ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಖರ್ಚು ಹಿಂದಿನ ವರ್ಷಕ್ಕಿಂತ ಜಾಸ್ತಿಯಾಗಿತ್ತು! ರಿಯಾಯಿತಿ ಎನ್ನುವುದು ಅಂಗಡಿಯವರ ಲೆಕ್ಕ. ನಮ್ಮ ಲೆಕ್ಕ ಬೇರೆಯೇ ಇರಬೇಕು. ಅದನ್ನು ಶುರು ಮಾಡಬೇಕಾದದ್ದು ಅಡುಗೆಮನೆಯಲ್ಲಿ.

1. ಮೊದಲ ಎರಡು ವಾರ ಏನನ್ನೂ ಬದಲಿಸಬೇಡಿ

ಇದು ವಿಚಿತ್ರ ಅನ್ನಿಸಬಹುದು. ಆದರೆ ಹಣ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದೆ ತೂತು ಮುಚ್ಚುವುದು ಹೇಗೆ? ಎಂದಿನಂತೆಯೇ ಖರ್ಚು ಮಾಡಿ. ಬಿಲ್ಲುಗಳನ್ನು ಮಾತ್ರ ಬಿಸಾಡಬೇಡಿ, ಒಂದು ಡಬ್ಬಿಗೆ ಹಾಕುತ್ತಾ ಹೋಗಿ. ಬಿಲ್ಲು ಕೊಡದ ಕಡೆ ಕೊಂಡದ್ದನ್ನು ಫೋನಿನಲ್ಲಿ ಬರೆದುಕೊಳ್ಳಿ.

ಎರಡು ವಾರ ಮುಗಿದ ಮೇಲೆ ಪೆನ್ನು ಹಿಡಿದು ಕುಳಿತುಕೊಳ್ಳಿ. ಬೇಕೇಬೇಕಿತ್ತು ಅನ್ನುವುದಕ್ಕೆ ಒಂದು ಗೆರೆ. ಒಂದು ತಿಂಗಳು ತಡೆಯಬಹುದಿತ್ತು ಅನ್ನುವುದಕ್ಕೆ ಎರಡು ಗೆರೆ. ಇದನ್ನು ಯಾಕೆ ಕೊಂಡೆವು ಎಂದು ಯಾರಿಗೂ ನೆನಪಿಲ್ಲದಿದ್ದರೆ ಸುತ್ತ ಒಂದು ವೃತ್ತ. ವೃತ್ತ ಬೀಳುವುದು ಹೆಚ್ಚಾಗಿ ದೊಡ್ಡ ಸಾಮಾನಿಗಲ್ಲ. ಒಂದೇ ಒಂದು ವಸ್ತು ತರಲು ಹೋಗಿ ಜೊತೆಗೆ ತಂದ ಮೂರು ವಸ್ತುಗಳಿಗೆ. ಈ ಹೊತ್ತಿನಲ್ಲಿ ಮನೆಯವರ ಮೇಲೆ ರೇಗಬೇಡಿ. ರೇಗಿದರೆ ಮುಂದಿನ ವಾರದಿಂದ ಬಿಲ್ಲುಗಳು ಡಬ್ಬಿಗೆ ಬರುವುದೇ ಇಲ್ಲ.

2. ಡಬ್ಬ, ಕಪಾಟು, ಫ್ರಿಜ್ಜು: ಎಲ್ಲ ಹೊರಗೆ

ಒಂದು ರಜಾ ದಿನ ಅಡುಗೆಮನೆಯನ್ನು ಪೂರ್ತಿ ಖಾಲಿ ಮಾಡಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ದಾಲ್ಚಿನ್ನಿಯ ನಾಲ್ಕು ಪೊಟ್ಟಣ ಸಿಕ್ಕವು. ನಾಲ್ಕೂ ಬೇರೆ ಬೇರೆ ಮೂಲೆಯಲ್ಲಿ. ನಾವು ದಾಲ್ಚಿನ್ನಿ ಬಳಸುವುದೇ ವರ್ಷಕ್ಕೆ ನಾಲ್ಕೈದು ಸಲ. ಕಣ್ಣಿಗೆ ಕಾಣಲಿಲ್ಲ, ಮುಗಿದಿರಬೇಕು ಅಂದುಕೊಂಡೆವು, ಮತ್ತೆ ತಂದೆವು. ಅಷ್ಟೇ ಕಥೆ.

ಇರುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ವಾರ ಏನು ಅಡುಗೆ ಮಾಡಬೇಕು ಎಂದು ಯೋಚಿಸುವಾಗ ಈ ಹಾಳೆಯನ್ನು ಎದುರಿಗೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ನಾವು ಏನು ಮಾಡಬೇಕು ಎಂದು ಮೊದಲು ತೀರ್ಮಾನಿಸಿ ಆಮೇಲೆ ಸಾಮಾನು ತರುತ್ತೇವೆ. ಕಷ್ಟದ ದಿನಗಳಲ್ಲಿ ಅದನ್ನು ತಿರುಗಿಸಬೇಕು: ಏನಿದೆ ನೋಡಿ, ಅದರಲ್ಲಿ ಏನಾಗುತ್ತದೆ ನೋಡಿ, ಕೊರತೆ ಬಿದ್ದದ್ದನ್ನು ಮಾತ್ರ ಚೀಟಿಗೆ ಬರೆಯಿರಿ. ವಾರದ ಏಳೂ ದಿನಕ್ಕೆ ಯೋಜನೆ ಬೇಡ. ಐದು ದಿನಕ್ಕೆ ಸಾಕು. ಉಳಿದ ಎರಡು ದಿನ ಮಿಕ್ಕಿದ್ದರಲ್ಲೇ ಕಳೆಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ 60ರಷ್ಟು ಎಸೆದದ್ದು ಹೋಟೆಲಿನವರೂ ಅಲ್ಲ, ಅಂಗಡಿಯವರೂ ಅಲ್ಲ, ಮನೆಗಳು. ಎಸೆದ ಸೊಪ್ಪಿನ ಕಟ್ಟಿಗೂ ನಾವು ಪೂರ್ತಿ ಬೆಲೆ ಕೊಟ್ಟಿರುತ್ತೇವೆ ಅಲ್ವಾ?

3. ಒಂದು ಬೆಲೆ ಪುಸ್ತಕ ಇಡಿ

ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ. ಅಂಗೈ ಅಗಲದ ಪುಸ್ತಕ ಸಾಕು. ನೀವು ಪದೇಪದೇ ಕೊಳ್ಳುವ 15ರಿಂದ 20 ಸಾಮಾನು ಆರಿಸಿಕೊಳ್ಳಿ: ಅಕ್ಕಿ, ಎಣ್ಣೆ, ಸಕ್ಕರೆ, ಹಾಲು, ಸೋಪು, ಬಟ್ಟೆ ಒಗೆಯುವ ಪುಡಿ, ಹೀಗೆ. ಒಂದೊಂದಕ್ಕೂ ಒಂದೊಂದು ಪುಟ. ಪ್ರತಿ ಪುಟದಲ್ಲಿ ನಾಲ್ಕು ವಿಷಯ: ದಿನಾಂಕ, ಅಂಗಡಿ, ಪೊಟ್ಟಣದ ತೂಕ, 100 ಗ್ರಾಂಗೆ ಬಿದ್ದ ಬೆಲೆ. ಕೊನೆಯದೇ ಮುಖ್ಯ. ಬೆಲೆಯನ್ನು ಗ್ರಾಂನಿಂದ ಭಾಗಿಸಿ 100ರಿಂದ ಗುಣಿಸಿದರೆ ಅದು ಸಿಗುತ್ತದೆ. ಫೋನಿನಲ್ಲಿ ಕ್ಯಾಲ್ಕುಲೇಟರ್ ಇದ್ದೇ ಇದೆ.

ಯಾಕೆ 100 ಗ್ರಾಂ? ಪೊಟ್ಟಣಗಳು ಒಂದು ಅಳತೆಯಲ್ಲಿ ಬರುವುದಿಲ್ಲ. ಒಂದು 850 ಗ್ರಾಂ, ಇನ್ನೊಂದು 1.2 ಕಿಲೋ, ಮತ್ತೊಂದು 475 ಗ್ರಾಂ. ಮೇಲೆ ಬರೆದ ಬೆಲೆ ನೋಡಿ ಯಾವುದು ಅಗ್ಗ ಎಂದು ಯಾರಿಗೂ ಹೇಳಲಾಗದು. ಗ್ರಾಹಕರ ಈ ಗೊಂದಲ ತಪ್ಪಿಸಲೆಂದೇ ಯುರೋಪಿಯನ್ ಒಕ್ಕೂಟ 1998ರಲ್ಲಿ ಕಿಲೋಗೆ, ಲೀಟರಿಗೆ ಎಷ್ಟು ಬೀಳುತ್ತದೆ ಎಂದೂ ಅಂಗಡಿಗಳು ತೋರಿಸಬೇಕೆಂಬ ನಿಯಮ ತಂದಿತು. ನಿಮ್ಮ ಅಂಗಡಿಯ ಕಪಾಟಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಇದು ಇದ್ದರೆ ಕೆಲಸ ಸುಲಭವಾಯಿತು.

ಪುಸ್ತಕ ಇಟ್ಟವರಿಗೆ ಇನ್ನೊಂದು ವಿಷಯವೂ ಕಾಣಿಸುತ್ತದೆ. ಬೆಲೆ ಏರುವುದಿಲ್ಲ, ಪೊಟ್ಟಣ ಬಡವಾಗುತ್ತದೆ. 2016ರಲ್ಲಿ ಬ್ರಿಟನ್ನಿನಲ್ಲಿ ಟೋಬ್ಲರೋನ್ ಚಾಕೊಲೇಟಿನ ತ್ರಿಕೋನಗಳ ನಡುವಿನ ಸಂದು ಅಗಲವಾಯಿತು, 400 ಗ್ರಾಂ ಇದ್ದದ್ದು 360 ಗ್ರಾಂ ಆಯಿತು. ಹಲ್ಲು ಉದುರಿದ ಬಾಚಣಿಗೆಯಂತೆ ಕಾಣುತ್ತಿದ್ದದ್ದರಿಂದ ಜನ ಹಿಡಿದುಬಿಟ್ಟರು. ಸೋಪಿನ ಪುಡಿಯಲ್ಲಿ ಹಾಗೆ ಸಂದು ಕಾಣುವುದಿಲ್ಲ. ಬೆಲೆ ಅಷ್ಟೇ ಇದ್ದು ತೂಕ ಹತ್ತನೇ ಒಂದು ಭಾಗ ಇಳಿದರೆ ನಿಜವಾದ ಬೆಲೆ ಏರಿದ್ದು ಶೇ 10 ಅಲ್ಲ, ಶೇ 11ಕ್ಕೂ ಸ್ವಲ್ಪ ಜಾಸ್ತಿ. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು ಹೀಗೆ ತೂಕ ಇಳಿದ ಸಾಮಾನಿನ ಹತ್ತಿರ ಎರಡು ತಿಂಗಳು ಫಲಕ ಹಾಕಬೇಕು. ಅಂಥ ಫಲಕ ಇಲ್ಲದ ಕಡೆ ನಮ್ಮ ಪುಸ್ತಕವೇ ಫಲಕ.

ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ ಎಂದು ನಂಬಬೇಡಿ. ಎಷ್ಟೋ ಸಲ ಎರಡು ಸಣ್ಣ ಪೊಟ್ಟಣವೇ ಕಡಿಮೆಗೆ ಬೀಳುತ್ತದೆ. ಕೆಲವು ಸಾಮಾನಿಗೆ ಗ್ರಾಂ ಲೆಕ್ಕವೂ ಸರಿಯಲ್ಲ. ಬಟ್ಟೆ ಒಗೆಯುವ ಪುಡಿಗೆ, ದ್ರವಕ್ಕೆ ಒಂದು ಒಗೆತಕ್ಕೆ ಎಷ್ಟು ಎಂದು ನೋಡಿ. ಗಟ್ಟಿ ದ್ರವ ಕಡಿಮೆ ಸಾಕಾಗುತ್ತದೆ, ತೆಳು ದ್ರವ ಬಾಟಲಿ ದೊಡ್ಡದಿದ್ದರೂ ಬೇಗ ಖಾಲಿ. ಟಿಶ್ಯೂ ಸುರುಳಿಗೆ ಹಾಳೆಗಳ ಸಂಖ್ಯೆ ನೋಡಿ.

ಮೂರು ತಿಂಗಳು ಕಳೆದರೆ ಪುಸ್ತಕ ತೆರೆಯುವುದೇ ಬೇಡ, ಬೆಲೆಗಳು ಬಾಯಿಗೆ ಬಂದಿರುತ್ತವೆ.

4. ಆಫರನ್ನು ಬಿಡಿಸಿ ಓದಿ

‘ಎರಡು ಕೊಂಡರೆ ಒಂದು ಉಚಿತ’ ಎಂದರೆ ಒಂದೊಂದಕ್ಕೂ ಶೇ 33 ರಿಯಾಯಿತಿ. ಆದರೆ ಮೂರೂ ಬೇಕಿದ್ದರೆ ಮಾತ್ರ. ‘ಎರಡನೆಯದಕ್ಕೆ ಅರ್ಧ ಬೆಲೆ’ ಕೇಳಲು ದೊಡ್ಡದು, ಎರಡೂ ಸೇರಿಸಿದರೆ ಬರೀ ಶೇ 25. ‘ಶೇ 25 ಹೆಚ್ಚುವರಿ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಅದು ಶೇ 20ರ ರಿಯಾಯಿತಿಗೆ ಸಮ. ‘ಶೇ 50, ಅದರ ಮೇಲೆ ಶೇ 20’ ಎಂದರೆ ಶೇ 70 ಅಲ್ಲ, ಶೇ 60. ಉಳಿದ ಅರ್ಧದ ಮೇಲೆ ಮಾತ್ರ ಎರಡನೆಯ ಕಡಿತ ಬೀಳುತ್ತದೆ.

ಗೆರೆ ಹೊಡೆದ ಹಳೆಯ ಬೆಲೆಯನ್ನಂತೂ ನೋಡಲೇಬೇಡಿ. ಆ ಬೆಲೆಗೆ ಆ ಸಾಮಾನು ನಿಜವಾಗಿ ಮಾರಾಟವಾಗಿತ್ತೇ, ಯಾರಿಗೆ ಗೊತ್ತು? ನಿಮ್ಮ ಪುಸ್ತಕದಲ್ಲಿ ಇರುವ ಬೆಲೆಗಿಂತ ಇದು ಕಡಿಮೆಯೇ ಎಂಬುದೊಂದೇ ಪ್ರಶ್ನೆ. ಕಡಿಮೆ ಇದ್ದರೆ, ಕೆಡದ ಸಾಮಾನಾದರೆ, ಎರಡು ಮೂರು ತಿಂಗಳಿಗೆ ಸಾಕಾಗುವಷ್ಟು ಧೈರ್ಯವಾಗಿ ತನ್ನಿ. ದೊಡ್ಡ ಮೂಟೆ ಅಗ್ಗ, ಆದರೆ ನಮಗೆ ಜಾಸ್ತಿ ಅನ್ನಿಸಿದರೆ ಪಕ್ಕದ ಮನೆಯವರೊಡನೆ ಹಂಚಿಕೊಳ್ಳಿ. ತೂಗುವಾಗ ಇಬ್ಬರೂ ಇರುವುದು ಒಳ್ಳೆಯದು, ಸ್ನೇಹಕ್ಕೆ.

ಉಚಿತವಾಗಿ ಮನೆಗೆ ತಲುಪಿಸುತ್ತೇವೆ, ಇನ್ನು ಸ್ವಲ್ಪ ಕೊಳ್ಳಿ ಎನ್ನುವ ಆ್ಯಪ್‌ಗಳ ಮಾತೂ ಇದೇ ಜಾತಿ. ಆ ‘ಸ್ವಲ್ಪ’ ಎಷ್ಟು, ತಲುಪಿಸುವ ಖರ್ಚು ಎಷ್ಟು ಎಂದು ಪಕ್ಕಪಕ್ಕ ಇಟ್ಟು ನೋಡಿ.

5. ತಳ್ಳುಗಾಡಿ ಬಿಡಿ, ಚೀಲ ಹಿಡಿಯಿರಿ

1937ರಲ್ಲಿ ಅಮೆರಿಕದ ಒಕ್ಲಹಾಮಾ ನಗರದ ಅಂಗಡಿ ಮಾಲೀಕ ಸಿಲ್ವನ್ ಗೋಲ್ಡ್‌ಮನ್ ಒಂದು ವಿಷಯ ಗಮನಿಸಿದರು. ಕೈಯಲ್ಲಿನ ಬುಟ್ಟಿ ಭಾರವಾದ ಕೂಡಲೇ ಜನ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಬುಟ್ಟಿಗೆ ಚಕ್ರ ಹಾಕಿದರು. ಅಂಗಡಿಯೊಳಗೆ ಸಾಮಾನು ತುಂಬಿಕೊಳ್ಳುವ ತಳ್ಳುಗಾಡಿ ಹುಟ್ಟಿದ್ದು ಹೀಗೆ. ಅವರ ಲಾಭದ ದಾರಿಯನ್ನು ನಾವು ಹಿಂದುಮುಂದು ಮಾಡಿದರಾಯಿತು. ಸಣ್ಣ ಖರೀದಿಗೆ ಕೈಚೀಲ ಒಯ್ಯಿರಿ, ತೋಳು ನೋಯುವ ಹೊತ್ತಿಗೆ ಚೀಟಿ ಮುಗಿದಿರಲಿ.

ಹೊಟ್ಟೆ ಹಸಿದಾಗ ಹೋಗಬೇಡಿ. ಕಣ್ಣಿನ ಮಟ್ಟದಲ್ಲಿ ಇಟ್ಟದ್ದನ್ನು ಮಾತ್ರ ನೋಡದೆ ಒಂದು ಸಲ ಬಗ್ಗಿ ಕೆಳಗಿನ ಸಾಲನ್ನೂ ನೋಡಿ. ಚೀಟಿಯಲ್ಲಿ ಇಲ್ಲದ್ದು ಬೇಕೆನಿಸಿದರೆ ಚೀಟಿಯ ಹಿಂದೆ ಬರೆದುಕೊಂಡು ಬನ್ನಿ. ಮುಂದಿನ ವಾರವೂ ಬೇಕೆನಿಸಿದರೆ ಕೊಂಡರಾಯಿತು. ಆನ್‌ಲೈನ್ ಖರೀದಿಗೆ ಒಂದು ರಾತ್ರಿ ಕಳೆಯಲು ಬಿಡಿ.

6. ಒಂದು ಮೆಟ್ಟಿಲು ಇಳಿಯಿರಿ, ಎಲ್ಲದರಲ್ಲೂ ಅಲ್ಲ

ಉಪ್ಪು, ಸಕ್ಕರೆ, ಬ್ಲೀಚಿಂಗ್ ಪುಡಿಯಂಥ ಸಾಮಾನಿನಲ್ಲಿ ಹೆಸರಿಗೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ. ಒಂದು ತಿಂಗಳು ಕಡಿಮೆ ಬೆಲೆಯದನ್ನು ತಂದು ನೋಡಿ. ಮನೆಯಲ್ಲಿ ಯಾರಿಗೂ ಗೊತ್ತಾಗದಿದ್ದರೆ ಅದೇ ಇರಲಿ. ಗೊತ್ತಾಗಿ ಗೊಣಗಿದರೆ ಹಿಂದಕ್ಕೆ ಹೋಗಿ. ಮನೆಮಂದಿಗೆಲ್ಲ ಇಷ್ಟವಾದ ಒಂದೆರಡು ವಸ್ತುವನ್ನು ಮುಟ್ಟಬೇಡಿ. ಎಲ್ಲವನ್ನೂ ಕತ್ತರಿಸಿದ ಮನೆಯಲ್ಲಿ ಮೂರನೇ ವಾರ ಹೊರಗಿನ ಊಟ ಬರುತ್ತದೆ. ಆಗ ಉಳಿಸಿದ್ದೆಲ್ಲ ಒಂದೇ ಸಂಜೆಗೆ ಹೋಯಿತು.

ಔಷಧಿಯನ್ನು ಅರ್ಧ ಮಾಡಿ ನುಂಗುವ ಉಳಿತಾಯ ಬೇಡವೇ ಬೇಡ. ಅದೇ ಮೂಲ ಔಷಧ ಇರುವ ಜೆನೆರಿಕ್ ಮಾತ್ರೆ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಇನ್ನು ದಿನಸಿಯನ್ನು ಕ್ರೆಡಿಟ್ ಕಾರ್ಡಿನಲ್ಲಿ ತಂದು ಕನಿಷ್ಠ ಮೊತ್ತ ಮಾತ್ರ ಕಟ್ಟುವ ಅಭ್ಯಾಸ. ತಿಂಗಳಿಗೆ ಶೇ 3 ಬಡ್ಡಿ ಎಂದರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಶೇ 42 ದಾಟುತ್ತದೆ. ತಿಂದು ಮುಗಿದ ಅಕ್ಕಿಗೆ ಮುಂದಿನ ವರ್ಷವೂ ಬಡ್ಡಿ ಕಟ್ಟುತ್ತಿರುತ್ತೇವೆ. ಯಾವ ಆಫರಿನಲ್ಲೂ ಅಷ್ಟು ಉಳಿಯುವುದಿಲ್ಲ.

7. ತಂದದ್ದು ಕೆಡದಂತೆ ನೋಡಿಕೊಳ್ಳಿ

ಫ್ರಿಜ್ಜಿನ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ, ಫ್ರೀಜರಿನಲ್ಲಿ ಮೈನಸ್ 18 ಇರಬೇಕು. ಮಾಡಿದ ಅಡುಗೆ ಮಿಕ್ಕರೆ ಎರಡು ಗಂಟೆಯೊಳಗೆ ಒಳಗಿಡಿ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ, ಎರಡೂ ಬೇಗ ಕೆಡುತ್ತವೆ. ಮಾಗಿದ ಬಾಳೆಹಣ್ಣು, ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಪಕ್ಕದ ಸೊಪ್ಪು ಬೇಗ ಹಳದಿಯಾಗುತ್ತದೆ, ಅವನ್ನು ದೂರ ಇಡಿ. ಬ್ರೆಡ್ಡನ್ನು ತಂದ ದಿನವೇ ಫ್ರೀಜರಿಗೆ ಹಾಕಿ, ಬೇಕಾದಷ್ಟು ತೆಗೆದು ಬಿಸಿ ಮಾಡಿಕೊಳ್ಳಬಹುದು.

ಪೊಟ್ಟಣದ ಮೇಲಿನ ದಿನಾಂಕದಲ್ಲಿ ಎರಡು ಬಗೆ. ‘ಬೆಸ್ಟ್ ಬಿಫೋರ್’ ಎಂದರೆ ಅಲ್ಲಿಯವರೆಗೆ ರುಚಿ, ಗುಣ ಚೆನ್ನಾಗಿರುತ್ತದೆ ಎಂದರ್ಥ, ಮಾರನೆಯ ದಿನವೇ ವಿಷವಾಗುವುದಿಲ್ಲ. ‘ಯೂಸ್ ಬೈ’ ಎಂದಿದ್ದರೆ ಅದು ಸುರಕ್ಷತೆಯ ಮಾತು, ದಾಟಿದ ಮೇಲೆ ತಿನ್ನಬೇಡಿ. ಹೊಸ ಸಾಮಾನು ಹಿಂದಕ್ಕೆ, ಹಳೆಯದು ಮುಂದಕ್ಕೆ.

8. ಉಳಿದದ್ದನ್ನು ಆ ದಿನವೇ ಬೇರೆ ಮಾಡಿ

ವಾರದ ಸಾಮಾನಿಗೆ ಇಷ್ಟು ಎಂದು ಗೊತ್ತು ಮಾಡಿ. ಅಂಗಡಿಯಿಂದ ಬಂದ ಮೇಲೆ ಮಿಕ್ಕದ್ದು ಎಷ್ಟು ಎಂದು ನೋಡಿ, ಆಗಲೇ ಬೇರೆ ಖಾತೆಗೆ ಹಾಕಿ. ಡಬ್ಬಿಯಾದರೂ ನಡೆಯುತ್ತದೆ. ಸುಮ್ನೆ ಪರ್ಸಿನಲ್ಲಿ ಬಿಟ್ಟರೆ ಅದು ಉಳಿತಾಯವಲ್ಲ, ಮುಂದಿನ ಖರ್ಚು.

ತಿಂಗಳ ಕೊನೆಗೆ ಹತ್ತು ನಿಮಿಷ ಕುಳಿತು ಬಿಲ್ಲುಗಳ ಮೇಲಿನ ವೃತ್ತಗಳನ್ನು ಎಣಿಸಿ. ನಮ್ಮ ಮನೆಯಲ್ಲಿ ಮೊದಲ ಸಲ ಹದಿನೇಳು ವೃತ್ತ ಬಿದ್ದಿದ್ದವು, ಹೋದ ತಿಂಗಳು ನಾಲ್ಕು. ಕಪಾಟಿನ ಹಾಳೆಯಲ್ಲಿ ಮೊದಲ ಸಾಲಿನಲ್ಲೇ ದಾಲ್ಚಿನ್ನಿ ಇದೆ. ಇನ್ನೂ ಎರಡೂವರೆ ಪೊಟ್ಟಣ ಬಾಕಿ.