ಚಾಪೆಲ್‌ಗೆ ತಮಟೆ ಬಂದ ಬಗೆ

ಬೆಂಗಳೂರಿನ ಸೆಮಿನರಿಗಳಲ್ಲಿ, ಅಂದರೆ ಪಾದ್ರಿಗಳಾಗುವವರ ಕಾಲೇಜುಗಳಲ್ಲಿ, ಓದುವವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ದಲಿತ ಥಿಯಾಲಜಿ, ಅಂದರೆ ದಲಿತರ ಬದುಕು-ನೋವಿನಿಂದ ಹೊರಡುವ ಕ್ರೈಸ್ತ ಧರ್ಮಚಿಂತನೆಯ ಚರ್ಚೆ ಶುರುವಾಗಿದ್ದು ಇದೇ ಊರಲ್ಲಿ. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ. ನಾವೂ ಅದನ್ನು ಓದಿ ಪರೀಕ್ಷೆ ಬರೆದಿದ್ದೆವು. ಆದರೆ ನಮ್ಮ ಸೆಮಿನರಿಯ ಪ್ರಾರ್ಥನಾ ಮಂದಿರದಲ್ಲಿ, ಅಂದರೆ ಚಾಪೆಲ್‌ನಲ್ಲಿ, ಇದ್ದಿದ್ದು ಕೀಬೋರ್ಡ್, ಗಿಟಾರ್, ಒಂದು ಜೊತೆ ತಬಲಾ. ಆರಾಧನಾ ಸಮಿತಿಯ ಜವಾಬ್ದಾರಿ ನನಗೆ ಬಂದಾಗ, ಲೆಂಟ್ ಕಾಲದ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳ) ಒಂದು ಆರಾಧನೆಯನ್ನು ದಲಿತರ ವಾದ್ಯವಾದ ತಮಟೆಯಿಂದ ಕಟ್ಟಬೇಕು ಅನ್ನಿಸಿತು.

ಕೆಲಸ ಶುರುವಾಗಿದ್ದು ವಾದ್ಯದಿಂದಲ್ಲ, ಮನುಷ್ಯನಿಂದ. ನಮ್ಮ ತರಗತಿಯಲ್ಲಿ ತಮಟೆ ಬಾರಿಸುವ ಮನೆತನದ ಗೆಳೆಯನೊಬ್ಬ ಇದ್ದ. ಅವನನ್ನು ಸಮಿತಿಯ ಮುಂದೆ ಕೇಳಲಿಲ್ಲ, ರಾತ್ರಿ ಊಟ ಆದ ಮೇಲೆ ಒಬ್ಬನನ್ನೇ ಕೂರಿಸಿಕೊಂಡು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. "ಅಣ್ಣ, ಊರಲ್ಲಿ ಸಾವಿಗೆ ಕರೀತಾರೆ. ಜಾತ್ರೆಗೆ ಕರೆದರೆ ಗುಡಿ ಹೊರಗೆ ನಿಲ್ಲಿಸ್ತಾರೆ. ಅದನ್ನ ಬಿಟ್ಟು ಬರೋಕೇ ಅಪ್ಪ ನನ್ನ ಓದಿಸಿದ್ದು" ಅಂದ. ಬೇಡ ಅನ್ನುವ ಹಕ್ಕು ಅವನಿಗೆ ಪೂರ್ತಿ ಇತ್ತು, ಅದನ್ನೇ ಹೇಳಿ ಎದ್ದು ಬಂದೆ. ಕೆಲವು ದಿನ ಬಿಟ್ಟು ಅವನೇ ಬಂದ. ಒಂದು ಷರತ್ತು ಹಾಕಿದ: ನಿಲ್ಲುವುದಾದರೆ ಪಾದ್ರಿ ನಿಂತು ಬೋಧಿಸುವ ಪುಲ್ಪಿಟ್ ಪಕ್ಕದಲ್ಲೇ, ಬಾಗಿಲ ಹತ್ತಿರ ಅಲ್ಲ.

ಸಮಿತಿಯಲ್ಲಿ ಒಂದಿಬ್ಬರಿಗೆ ಮುಜುಗರ ಇತ್ತು. ಅದು ಸಾವಿನ ವಾದ್ಯ ಅಲ್ವಾ ಅಂದರು. ಆಗ ಮಾತಾಡಿದ್ದು ಮಿಜೋರಾಂನ ಗೆಳತಿ. ಅವರ ಸಭೆಗಳಲ್ಲಿ ಈಗ ಖುವಾಂಗ್ ಡೋಲು ಇಲ್ಲದೆ ಹಾಡು ಏಳುವುದೇ ಇಲ್ಲ. ಅದನ್ನೂ ಮೊದಮೊದಲು ಚರ್ಚಿನಿಂದ ಹೊರಗೇ ಇಟ್ಟಿದ್ದರಂತೆ. ಅವಳ ಮಾತಿನಷ್ಟು ಕೆಲಸ ನನ್ನ ಯಾವ ವಾದವೂ ಮಾಡಲಿಲ್ಲ.

ಓದಲು ಬೈಬಲ್ಲಿನ 13ನೇ ಕೀರ್ತನೆ ಆರಿಸಿಕೊಂಡೆವು. ಆರೇ ವಚನ. ಮೊದಲ ಎರಡು ವಚನಗಳಲ್ಲಿ "ಇನ್ನೆಷ್ಟು ದಿನ" ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಾಲ್ಕನ್ನೂ ಕನ್ನಡ, ತಮಿಳು, ತೆಲುಗು, ಮಿಜೋ ಭಾಷೆಗಳಿಗೆ ಹಂಚಿದೆವು. ಖಾಲಿ ಚಾಪೆಲ್‌ನಲ್ಲಿ ಅಭ್ಯಾಸ ಮಾಡಿದಾಗ ತಮಟೆಯ ಸದ್ದಿಗೆ ಓದುವವರ ದನಿ ಪೂರಾ ಮುಳುಗಿ ಹೋಯಿತು. ಹಾಗಾಗಿ ಓದುವಾಗ ತಮಟೆ ಇಲ್ಲ, ತಮಟೆ ಇರುವಾಗ ಓದು ಇಲ್ಲ ಎಂದು ತೀರ್ಮಾನಿಸಿದೆವು. ಒಂದು ಪ್ರಶ್ನೆ, ಒಂದೇ ಪೆಟ್ಟು. ಆ ಸದ್ದು ಗೋಡೆಗಳಲ್ಲಿ ಆರುವವರೆಗೂ ಯಾರೂ ಬಾಯಿ ಬಿಡಬಾರದು. ಕೊನೆಯ ಎರಡು ವಚನಗಳು ನಂಬಿಕೆಯ ಕಡೆ ತಿರುಗುತ್ತವಲ್ಲ, ಪೂರ್ತಿ ವರಸೆ ಅಲ್ಲಿ ಮಾತ್ರ.

ಚರ್ಮದ ತಮಟೆ ಬೆಂಗಳೂರಿನ ಬೆಳಗಿನ ತಂಪಿಗೆ ಸಡಿಲವಾಗುತ್ತದೆ. ಫೈಬರ್‌ದು ತಂದರೆ ಕಾಯಿಸುವ ರಗಳೆ ಇಲ್ಲ ಅಂತ ಯಾರೋ ಹೇಳಿದರು. ಗೆಳೆಯ ಒಪ್ಪಲಿಲ್ಲ. ಆರಾಧನೆಯ ದಿನ ಮೆಸ್ಸಿನ ಹಿಂದೆ ಒಣಗಿದ ತೆಂಗಿನ ಗರಿಗೆ ಬೆಂಕಿ ಹಾಕಿ, ತಮಟೆಯನ್ನು ಉರಿಯ ಎದುರು ನಿಧಾನ ತಿರುಗಿಸುತ್ತಾ ಕೂತ. ನಡುನಡುವೆ ಬೆರಳಲ್ಲಿ ತಟ್ಟಿ ನೋಡುತ್ತಿದ್ದ. ಮೊದಲು ಮಂದ ಸದ್ದು, ಆಮೇಲೆ ಸ್ವಲ್ಪ ಬಿಗಿ, ಕೊನೆಗೆ ಟಣ್ಣನೆ ಚಿಮ್ಮಿತು. ನೋಡಲು ಬಂದ ನಾವು ಹಾಗೇ ಸುತ್ತ ನಿಂತುಬಿಟ್ಟೆವು. ಆವತ್ತಿನ ಪ್ರಾರ್ಥನೆ ನನಗೆ ಅಲ್ಲೇ ಶುರುವಾಯಿತು. ಬಿಸಿ ಆರಿದರೆ ಬಿಗಿಯೂ ಹೋಗುತ್ತದೆ. ಅದಕ್ಕೇ ಕೀರ್ತನೆಯನ್ನು ಪ್ರಸಂಗಕ್ಕಿಂತ (ಬೋಧನೆಗಿಂತ) ಮುಂಚೆ, ಮೊದಲ ಹಾಡಿನ ಬೆನ್ನಿಗೇ ಇಟ್ಟೆವು.

ಸೆಮಿನರಿಗಳಲ್ಲಿ ಕಲೆ ಅಂದರೆ ಜಾಸ್ತಿ ಸಲ ವಾರ್ಷಿಕೋತ್ಸವದ ಐಟಂ ಆಗಿಬಿಡುತ್ತದೆ. ಬಣ್ಣದ ಬಟ್ಟೆ, ಕುಣಿತ, ಚಪ್ಪಾಳೆ. ಆರಾಧನೆಯಲ್ಲಿ ಹಾಗಾಗಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ವಾದ್ಯ ಯಾರದೋ ಅವರ ನೋವು, ಅವರ ಮಾತು ಕಾರ್ಯಕ್ರಮದ ಕ್ರಮದಲ್ಲೇ ಸೇರಿರಬೇಕು. ಆವತ್ತು ಪಾಪದ ಅರಿಕೆಯ ಪ್ರಾರ್ಥನೆ ಬರೆದವನೂ ಅವನೇ. ಚರ್ಚಿನೊಳಗಿನ ಜಾತಿಯ ಹೆಸರು ಹಿಡಿದೇ ಬರೆದಿದ್ದ, ನಾವು ಒಂದು ಸಾಲೂ ಮೆತ್ತಗೆ ಮಾಡಲಿಲ್ಲ.

ಈಗ ಕಿರಿಯ ವಿದ್ಯಾರ್ಥಿಗಳು ಅವನ ಹತ್ತಿರ ವರಸೆ ಕಲಿಯುತ್ತಿದ್ದಾರೆ. ಕಲಿಯಲು ಬಂದವರಿಗೆ ಅವನು ಮೊದಲು ಹೇಳಿಕೊಡುವುದು ತಮಟೆ ಕಾಯಿಸುವುದನ್ನು.